ಕಾನ್ಫಿಗ್ ಒಂದೇ ಇದ್ದರೆ ಸಾಲದು

ದಾವಣಗೆರೆ, ಹರಿಹರ, ಜಗಳೂರು ಕಡೆಯ ಕಾಲೇಜು, ಆಸ್ಪತ್ರೆಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಜಾಸ್ತಿ ಸಿಗುವುದು ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್‌ಗಳು, ಅಂದರೆ ಕಂಪ್ಯೂಟರ್‌ಗಳನ್ನೆಲ್ಲ ಕೇಬಲ್‌ನಿಂದ ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳು. ಸ್ವಿಚ್ ಸುಟ್ಟರೆ ಬದಲಿ ಸ್ವಿಚ್ ಹೇಗೋ ಸಿಗುತ್ತದೆ. ಒಳಗಿದ್ದ ಫೈಲು ಸಿಗುವುದಿಲ್ಲ. ಹಾಗಾಗಿ ಯಾವ ಸ್ವಿಚ್ಚಿಗೆ ಕೈ ಹಾಕುವ ಮೊದಲೂ ಅದರ ಫೈಲುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತೇನೆ.

ಬಹಳ ಜನ ರನ್ನಿಂಗ್ ಕಾನ್ಫಿಗ್ (ಸ್ವಿಚ್ ಈಗ ಬಳಸುತ್ತಿರುವ ಸೆಟ್ಟಿಂಗ್‌ಗಳ ಫೈಲು) ಕಾಪಿ ಮಾಡಿ, ಬ್ಯಾಕಪ್ ಆಯ್ತು ಅಂತ ಬಿಡುತ್ತಾರೆ. ಇಲ್ಲಿನ ಒಂದು ಕಾಲೇಜಿನಲ್ಲಿ ಸಿಡಿಲಿಗೆ ಲ್ಯಾಬಿನ ಸ್ವಿಚ್ ಹೋಯಿತು. ಮೊದಲು ನೋಡಿಕೊಳ್ಳುತ್ತಿದ್ದವರು ಕಾನ್ಫಿಗ್ ಇಟ್ಟಿದ್ದರು, ಅದನ್ನೇ ಹೊಸ ಸ್ವಿಚ್ಚಿಗೆ ಸ್ಟಾರ್ಟಪ್ ಕಾನ್ಫಿಗ್ (ಆನ್ ಆಗುವಾಗ ಸ್ವಿಚ್ ಓದಿಕೊಳ್ಳುವ ಸೆಟ್ಟಿಂಗ್) ಆಗಿ ಹಾಕಿ ರೀಲೋಡ್ ಮಾಡಿದೆವು. ಲ್ಯಾಬ್ ಅಟೆಂಡರ್ ಬಂದು, "ಸ್ವಿಚ್ ಆನ್ ಆಗೈತಿ ಸಾರ್, ಆದ್ರೆ ಒಂದು ಸಿಸ್ಟಮ್ಮಿಗೂ ನೆಟ್ ಬರ್ತಿಲ್ಲ" ಅಂದರು. 'ಶೋ ಇಂಟರ್‌ಫೇಸ್ ಸ್ಟೇಟಸ್' ಕೊಟ್ಟರೆ ಲ್ಯಾಬಿನ ಪೋರ್ಟೆಲ್ಲ ಇನ್‌ಆಕ್ಟಿವ್. ಪೋರ್ಟ್ ಯಾವ ವಿಲ್ಯಾನ್‌ಗೆ (ಒಂದೇ ಸ್ವಿಚ್ಚಿನೊಳಗೆ ಬೇರೆಬೇರೆಯಾಗಿ ಮಾಡಿದ ನೆಟ್‌ವರ್ಕ್) ಸೇರಬೇಕು ಅನ್ನುವುದು ಕಾನ್ಫಿಗ್‌ನಲ್ಲಿತ್ತು. ಆ ವಿಲ್ಯಾನೇ ಹೊಸ ಸ್ವಿಚ್ಚಿನಲ್ಲಿ ಇರಲಿಲ್ಲ.

ವಿಟಿಪಿ ಅಂದರೆ ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ವ್ಯವಸ್ಥೆ. ಅದರ ಸರ್ವರ್ ಮೋಡ್‌ನಲ್ಲಿ ವಿಲ್ಯಾನ್ ಪಟ್ಟಿ ಕಾನ್ಫಿಗ್‌ಗೆ ಬರುವುದಿಲ್ಲ. ಫ್ಲ್ಯಾಶ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಸ್ವಿಚ್ಚಿನ ಮೆಮೊರಿ) ವಿಲ್ಯಾನ್ ಡಾಟ್ ಡ್ಯಾಟ್ ಅಂತ ಬೇರೆಯೇ ಫೈಲ್ ಇರುತ್ತದೆ, ಎಲ್ಲ ಅದರಲ್ಲಿ. ಟ್ರಾನ್ಸ್‌ಪರೆಂಟ್ ಮೋಡ್ ಆಗಿದ್ದರೆ ಕಾನ್ಫಿಗ್‌ನಲ್ಲೂ ಕಾಣಿಸುತ್ತಿತ್ತು. ಅವತ್ತು ಪಕ್ಕದ ಕಟ್ಟಡದ ಸ್ವಿಚ್‌ನಲ್ಲಿ 'ಶೋ ವಿಲ್ಯಾನ್ ಬ್ರೀಫ್' ನೋಡಿ ಕೈಯಿಂದಲೇ ವಿಲ್ಯಾನ್ ಹಾಕಿದೆವು. ಆಮೇಲೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಬರಲಿಲ್ಲ. ಅದಕ್ಕೆ ಬೇಕಾದ ಗುಪ್ತ ಕೀಲಿ, ಆರ್‌ಎಸ್‌ಎ ಕೀ ಕೂಡ ಕಾನ್ಫಿಗ್ ಜೊತೆ ಬರುವುದಿಲ್ಲ, ಹೊಸದಾಗಿ ಜನರೇಟ್ ಮಾಡಬೇಕು.

ಫೈಲ್ ಸಾಗಿಸಲು ಪಕ್ಕದಲ್ಲೇ ಕೂತಿದ್ದರೆ ಟಿಎಫ್‌ಟಿಪಿ ಎಂಬ ಸರಳ ವಿಧಾನ ಸಾಕು. ಅದು ಯುಡಿಪಿ 69ನೇ ಪೋರ್ಟ್ ಬಳಸುತ್ತದೆ (ಇದು ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ನೆಟ್‌ವರ್ಕ್ ಸೇವೆಯ ಸಂಖ್ಯೆ). ಕಾಪಿ ಶುರುವಾಗದೆ ಟೈಮ್‌ಔಟ್ ಆದರೆ ಮೊದಲು ಲ್ಯಾಪ್‌ಟಾಪಿನ ಫೈರ್‌ವಾಲ್ ನೋಡಿ. ಮಾಮೂಲಿಯಾಗಿ 512 ಬೈಟಿನ ಒಂದೊಂದು ತುಂಡಿಗೂ ಉತ್ತರ ಕಾಯುವುದರಿಂದ ದೂರದ ಲಿಂಕ್‌ನಲ್ಲಿ ತೆವಳುತ್ತದೆ. ಪಾಸ್‌ವರ್ಡೂ ಇಲ್ಲ, ಎನ್‌ಕ್ರಿಪ್ಷನ್ನೂ ಇಲ್ಲ. ಹಾಗಾಗಿ ಊರಾಚೆಯ ಸೈಟಿಗೆ ನಾನು ಎಸ್‌ಎಸ್‌ಎಚ್ ಮೇಲೆ ಎನ್‌ಕ್ರಿಪ್ಟ್ ಆಗಿ ಫೈಲ್ ಕಳಿಸುವ ಎಸ್‌ಸಿಪಿ ಬಳಸುತ್ತೇನೆ. ಸ್ವಿಚ್‌ನಲ್ಲಿ 'ಐಪಿ ಎಸ್‌ಸಿಪಿ ಸರ್ವರ್ ಎನೇಬಲ್' ಕೊಟ್ಟು, ಪ್ರಿವಿಲೇಜ್ 15ರ (ಪೂರ್ಣ ಅಧಿಕಾರದ) ಯೂಸರ್‌ನಿಂದ ಲಾಗಿನ್ ಆಗಬೇಕು. ಒಂದು ಮಾತು: ಲ್ಯಾಪ್‌ಟಾಪಿನಲ್ಲಿ ಬಳಸುವ ಎಸ್‌ಎಸ್‌ಎಚ್ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನ 2022ರಲ್ಲಿ ಬಂದ 9.0ರಿಂದ ಎಸ್‌ಸಿಪಿ ಕಮಾಂಡ್ ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಬೇರೆ ವಿಧಾನ ಬಳಸುತ್ತದೆ. ಹಳೆ ಸ್ವಿಚ್ಚಿಗೆ ಅದು ಬರುವುದಿಲ್ಲ. ಕಮಾಂಡಿಗೆ ಮೈನಸ್ ಹಾಕಿ ಕ್ಯಾಪಿಟಲ್ ಓ ಸೇರಿಸಿದರೆ ಹಳೆಯ ರೀತಿಯಲ್ಲೇ ಹೋಗುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಸ್ವಿಚ್ಚನ್ನು ಬೈಯುವವರನ್ನು ನೋಡಿದ್ದೇನೆ.

ಐಓಎಸ್ ಇಮೇಜ್ (ಸ್ವಿಚ್ಚಿನ ಆಪರೇಟಿಂಗ್ ಸಿಸ್ಟಮ್ ಫೈಲು) ಬದಲಿಸುವಾಗ ಅವಸರ ಬೇಡವೇ ಬೇಡ. 'ಡಿರ್ ಫ್ಲ್ಯಾಶ್' ಕೊಟ್ಟು ಜಾಗ ನೋಡಿ. ಹೊಸದು ಇಳಿದ ಮೇಲೆ 'ವೆರಿಫೈ' ಕಮಾಂಡಿನಿಂದ ಎಂಡಿ5 (ಫೈಲ್ ಕೆಟ್ಟಿಲ್ಲ ಅಂತ ತಿಳಿಯುವ ಗುರುತು) ತೆಗೆದು, ಸಿಸ್ಕೋ ಪುಟದಲ್ಲಿರುವುದರ ಜೊತೆ ಕೊನೆ ಅಕ್ಷರದವರೆಗೂ ಹೋಲಿಸಿ. 'ಬೂಟ್ ಸಿಸ್ಟಮ್' (ಯಾವ ಇಮೇಜ್‌ನಿಂದ ಏಳಬೇಕು ಅನ್ನುವ ಸೆಟ್ಟಿಂಗ್) ಬದಲಿಸಿ, ರೀಲೋಡ್ ಆಗಿ ಹೊಸದರಲ್ಲಿ ಎದ್ದ ಮೇಲೇ ಹಳೆಯದನ್ನು ಅಳಿಸಿ. ಮೊದಲೇ ಅಳಿಸಿ, ಮಧ್ಯದಲ್ಲಿ ಕರೆಂಟ್ ಹೋದರೆ ಕನ್ಸೋಲ್ ಕೇಬಲ್ ಮೇಲೆ ಎಕ್ಸ್‌ಮೋಡೆಮ್ ಎಂಬ ಹಳೆಯ ವಿಧಾನದಲ್ಲಿ ಕಳಿಸುವ ಪರಿಸ್ಥಿತಿ ಬರಬಹುದು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 10 ಎಂಬಿ ಹೋಗಲು ಸುಮಾರು 3 ಗಂಟೆ ಬೇಕು. ಅಷ್ಟು ಹೊತ್ತು ಆಸ್ಪತ್ರೆಯ ಬಿಲ್ಲಿಂಗ್ ನಿಂತಿದ್ದರೆ ಜನ ಕೌಂಟರಿನಲ್ಲಿ ನಿಲ್ಲಬೇಕಾಗುತ್ತದೆ ಅಲ್ವಾ?

ಈಗ ನಾನು ನೋಡುವ ಸ್ವಿಚ್‌ಗಳಲ್ಲಿ 'ಆರ್ಕೈವ್' ಹಾಕಿ 'ರೈಟ್-ಮೆಮೊರಿ' ಆನ್ ಮಾಡಿದ್ದೇನೆ. ಸೇವ್ ಮಾಡಿದಾಗಲೆಲ್ಲ ಕಾನ್ಫಿಗ್‌ನ ಒಂದು ಪ್ರತಿ ತಾನಾಗಿ ಸರ್ವರ್‌ಗೆ ಹೋಗುತ್ತದೆ. ವಿಲ್ಯಾನ್ ಫೈಲ್ ಮಾತ್ರ ಇದರಲ್ಲಿ ಹೋಗುವುದಿಲ್ಲ, ವಿಲ್ಯಾನ್ ಬದಲಿಸಿದ ದಿನವೇ ಅದನ್ನು ಕೈಯಿಂದ ಕಾಪಿ ಮಾಡುತ್ತೇನೆ. ಕಾನ್ಫಿಗ್ ಫೈಲನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಟೈಪ್ 7 ರೂಪದಲ್ಲಿ ಮರೆಮಾಡಿದ ಪಾಸ್‌ವರ್ಡನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು.