ಟ್ಯೂಬಿನಲ್ಲಿ ತಡ, ಕಾಲಿನಲ್ಲಿ ಅವಸರ

2021ರ ಮೇ ತಿಂಗಳ ಕೊನೆ. ಉಡುಪಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಮಲ್ಪೆಯಲ್ಲಿ ಬೋಟಿಗೆ ಹೋಗುವ ಯುವಕರೊಬ್ಬರು ಕೋವಿಡ್‌ನಿಂದ ದಾಖಲಾಗಿದ್ದರು. ಎಡಗಾಲಿನ ಮೀನಖಂಡ ಊದಿತ್ತು, ದೇಹದಲ್ಲಿ ಹೆಪ್ಪು ಕರಗುವಾಗ ಹುಟ್ಟುವ ಡಿ-ಡೈಮರ್ ಏರಿತ್ತು. ಆದರೆ ಎಪಿಟಿಟಿ, ಅಂದರೆ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಹಿಡಿಯುವ ಸಮಯ, 58 ಸೆಕೆಂಡು. ನಮ್ಮಲ್ಲಿ 35 ದಾಟಿದರೇ ಹೆಚ್ಚು. ರಕ್ತಸ್ರಾವವಾದೀತೆಂದು ವಾರ್ಡಿನವರು ಹೆಪ್ಪು ತಡೆಯುವ ಹೆಪಾರಿನ್ ಕೊಡಲು ಹಿಂಜರಿದಿದ್ದರು.

ನನಗೆ ಅನುಮಾನ ಬಂದದ್ದು, ಹೆಪ್ಪುಗಟ್ಟಲು ಬೇಕಾದ ಫಾಸ್ಫೋಲಿಪಿಡ್ ಎಂಬ ಕೊಬ್ಬಿಗೆ ಅಂಟುವ ಸ್ವಪ್ರತಿಕಾಯಗಳ (ಸ್ವಂತ ದೇಹದ ವಿರುದ್ಧವೇ ಹುಟ್ಟುವ ಪ್ರತಿಕಾಯಗಳ) ಮೇಲೆ. ಪರೀಕ್ಷೆಯ ದ್ರಾವಣದಲ್ಲಿರುವ ಫಾಸ್ಫೋಲಿಪಿಡನ್ನೇ ಅವು ಹಿಡಿದಿಟ್ಟುಕೊಳ್ಳುವುದರಿಂದ ಟ್ಯೂಬಿನಲ್ಲಿ ಹೆಪ್ಪು ತಡವಾಗುತ್ತದೆ. ದೇಹದೊಳಗೆ ಅವೇ ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪುಗಟ್ಟಿಸುತ್ತವೆ. ಹಿಂದಿನ ವರ್ಷವಷ್ಟೇ ಮಿಷಿಗನ್ ವಿಶ್ವವಿದ್ಯಾಲಯದವರು ಆಸ್ಪತ್ರೆ ಸೇರಿದ 172 ಕೋವಿಡ್ ರೋಗಿಗಳ ರಕ್ತ ಪರೀಕ್ಷಿಸಿ, ಸುಮಾರು ಅರ್ಧದಷ್ಟು ಮಂದಿಯಲ್ಲಿ ಇಂಥ ಪ್ರತಿಕಾಯಗಳನ್ನು ಕಂಡಿದ್ದರು.

ಮೊದಲ ಮಾದರಿಯನ್ನು ನಾನು ನಂಬಲಿಲ್ಲ. ಹೆಪಾರಿನ್ ಹಾಯಿಸಿದ ನಳಿಕೆಯಿಂದ ತೆಗೆದಿದ್ದರೂ ಇದೇ ಅಂಕಿ ಬರುತ್ತದೆ. ಇನ್ನೊಂದು ಕೈಯಿಂದ ಹೊಸದಾಗಿ ತೆಗೆಸಿದೆ, ನೀಲಿ ಮುಚ್ಚಳದ ಟ್ಯೂಬಿನ ಗೆರೆಯವರೆಗೆ. ರಕ್ತ ಕಡಿಮೆಯಾದರೆ ಟ್ಯೂಬಿನಲ್ಲಿರುವ, ಹೆಪ್ಪು ತಡೆಯುವ ಸಿಟ್ರೇಟ್ ಹೆಚ್ಚಾಗಿ ಫಲಿತಾಂಶ ಕೆಡುತ್ತದೆ. ಸೆಂಟ್ರಿಫ್ಯೂಜಿನಲ್ಲಿ ಎರಡು ಬಾರಿ ತಿರುಗಿಸಿ, ಪ್ರತಿ ಸಲವೂ ತಳದ ಪ್ಲಾಸ್ಮಾವನ್ನು ಕದಡದೆ ಮೇಲಿನದನ್ನಷ್ಟೇ ಪಿಪೆಟ್ಟಿನಲ್ಲಿ ಎಳೆದೆ. ಪ್ಲೇಟ್‌ಲೆಟ್ ಉಳಿದರೆ ಪ್ರತಿಕಾಯ ಕಣ್ತಪ್ಪಿಸಿಕೊಳ್ಳುತ್ತದೆ. ಆರೋಗ್ಯವಂತರ ಪ್ಲಾಸ್ಮಾವನ್ನು ಸಮಪ್ರಮಾಣದಲ್ಲಿ ಬೆರೆಸಿದರೂ 51 ಸೆಕೆಂಡು. ಹೆಪ್ಪುಗಟ್ಟಿಸುವ ಯಾವುದೋ ಅಂಶದ ಕೊರತೆಯಾಗಿದ್ದರೆ ಅಂಕಿ ಸಹಜಕ್ಕೆ ಮರಳಬೇಕಿತ್ತು, ಏನೋ ಅಡ್ಡಗಟ್ಟುತ್ತಿತ್ತು. ಮುಂದಿನದು ಕೊಳಕುಮಂಡಲದ ವಿಷದಿಂದ ಮಾಡುವ ಪರೀಕ್ಷೆ. ನಮ್ಮ ಗದ್ದೆಯಂಚಿನ ಅದೇ ಹಾವಿನ, ರಕ್ತ ಹೆಪ್ಪುಗಟ್ಟಿಸುವ ವಿಷವನ್ನು ತೀರಾ ತೆಳುಮಾಡಿ ಬಳಸುತ್ತಾರೆ. ಅದರಲ್ಲೂ ತಡ, ಫಾಸ್ಫೋಲಿಪಿಡ್ ಹೆಚ್ಚಿಸಿದ ಕೂಡಲೇ ಸರಿಯಾಯಿತು. ಅಡ್ಡಗಟ್ಟುತ್ತಿದ್ದದ್ದು ಆ ಪ್ರತಿಕಾಯಗಳೇ.

ವೈದ್ಯರಿಗೆ ಫೋನ್ ಮಾಡಿದೆ: "ಸರ್, ಇದು ರಕ್ತಸ್ರಾವದ ಸೂಚನೆಯಲ್ಲ, ಹೆಪ್ಪುಗಟ್ಟುವ ಸೂಚನೆ." ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಕಾಲಿನ ಅಭಿಧಮನಿಯೊಳಗೆ ಹೆಪ್ಪು ಕಾಣಿಸಿತು. ಅಂದು ರಾತ್ರಿಯೇ ಹೆಪಾರಿನ್ ಆರಂಭವಾಯಿತು.

ವರದಿಯ ಕೆಳಗೆ "12 ವಾರಗಳ ನಂತರ ಮರುಪರೀಕ್ಷೆ" ಎಂದು ಬರೆದಿದ್ದೆ. ಸೋಂಕಿನ ಬಿಸಿಯಲ್ಲಿ ಹುಟ್ಟುವ ಈ ಪ್ರತಿಕಾಯಗಳು ಎಷ್ಟೋ ಸಲ ತಾವಾಗಿಯೇ ಮಾಯವಾಗುತ್ತವೆ. ಒಂದೇ ಪರೀಕ್ಷೆಯಿಂದ ಮೂವತ್ತರ ಮನುಷ್ಯನಿಗೆ ಜೀವಮಾನದ ಕಾಯಿಲೆಯ ಹೆಸರು ಅಂಟಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆಗಸ್ಟ್ ಕೊನೆಗೆ ಅವರು ಬಂದರು. ಹೆಪಾರಿನ್ ನಂತರ ನುಂಗುತ್ತಿದ್ದ ಹೆಪ್ಪು ತಡೆಯುವ ಮಾತ್ರೆ ರಿವರಾಕ್ಸಬಾನನ್ನು ವೈದ್ಯರ ಸೂಚನೆಯಂತೆ ನಿಲ್ಲಿಸಿ ವಾರವಾಗಿತ್ತು. ಆ ಮಾತ್ರೆ ರಕ್ತದಲ್ಲಿದ್ದರೆ ವಿಷದ ಪರೀಕ್ಷೆ ತಪ್ಪು ಹೇಳುತ್ತದೆ. ಎಪಿಟಿಟಿ 31. ವಿಷದ ಪರೀಕ್ಷೆಯೂ ಸಹಜ. ಮಳೆಗಾಲದ ಟ್ರಾಲಿಂಗ್ (ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಮುಗಿದು ಬೋಟುಗಳು ಆಗಲೇ ಕಡಲಿಗೆ ಇಳಿದಿದ್ದವು.