ಡಿವಿಡಿಯ ಕೊನೆಯ ಕಡತಗಳು ಮಾತ್ರ ತೆರೆಯದಿದ್ದಾಗ

ಹಳೆಯ ಧ್ವನಿಮುದ್ರಣಗಳನ್ನು ಡಿವಿಡಿಗೆ ಬರೆಯುವಾಗ ಒಂದೇ ತೊಂದರೆ ಮರುಕಳಿಸುತ್ತಿತ್ತು: ಮೊದಲ ಕಡತಗಳು ಸರಿಯಾಗಿ ತೆರೆಯುತ್ತಿದ್ದವು, ಕೊನೆಯವು ತೆರೆಯುತ್ತಿರಲಿಲ್ಲ. ಬರೆಯುವ ತಂತ್ರಾಂಶ ಮಾತ್ರ ಪ್ರತಿ ಬಾರಿಯೂ ಕೆಲಸ ಯಶಸ್ವಿಯಾಯಿತು ಎಂದೇ ತೋರಿಸುತ್ತಿತ್ತು.

ಕೊನೆಯವೇ ಕೆಡುತ್ತಿದ್ದುದರಲ್ಲಿ ಸುಳಿವು ಇತ್ತು. ಡಿಸ್ಕ್‌ನಲ್ಲಿ ಮಾಹಿತಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ; ಹೊರಗೆ ಹೋದಂತೆ ಸಾಮಾನ್ಯವಾಗಿ ಬರೆಯುವ ವೇಗ ಏರುತ್ತದೆ, ಲೇಸರ್‌ಗೆ ಹೆಚ್ಚು ಶಕ್ತಿ ಬೇಕಾಗುತ್ತದೆ. ನನ್ನ ತೆಳು ಬರ್ನರ್ (ಡಿಸ್ಕ್ ಬರೆಯುವ ಸಾಧನ) ಯುಎಸ್‌ಬಿ ಹಬ್‌ನಿಂದ, ಅಂದರೆ ಒಂದೇ ಕಿಂಡಿಯನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆಯಿಂದ, ವಿದ್ಯುತ್ ಪಡೆಯುತ್ತಿತ್ತು. ಕಂಪ್ಯೂಟರಿಗೆ ನೇರವಾಗಿ ಜೋಡಿಸಿದಾಗ ದೋಷ ಕಡಿಮೆಯಾಯಿತಾದರೂ ಪೂರ್ತಿ ಹೋಗಲಿಲ್ಲ. ಪ್ರತ್ಯೇಕ ಅಡಾಪ್ಟರ್ ಇರುವ ದೊಡ್ಡ ಗಾತ್ರದ ಬರ್ನರ್ ತಂದ ಮೇಲೆ ಸಮಸ್ಯೆ ನಿಂತಿತು. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಗರಿಷ್ಠ ವೇಗಕ್ಕಿಂತ ಮೊದಲು ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ.

ಈಗ 16ಎಕ್ಸ್ (ಡಿವಿಡಿಯ ಮೂಲ ವೇಗದ 16 ಪಟ್ಟಿನವರೆಗೆ ಬರೆಯಬಹುದಾದ) ಡಿಸ್ಕ್‌ಗೂ 8ಎಕ್ಸ್ ವೇಗದಲ್ಲೇ ಬರೆಯುತ್ತೇನೆ. ತೀರಾ ನಿಧಾನವೂ ಬೇಡ. ಅಂಥ ಡಿಸ್ಕ್‌ಗಳಲ್ಲಿ ಲೇಸರ್ ಬರೆಯುವ ಬಣ್ಣದ ಪದರವನ್ನು ವೇಗಕ್ಕೆಂದೇ ಹದಗೊಳಿಸಿರುತ್ತಾರೆ. ಮೇಲೆ 4.7 ಜಿಬಿ ಎಂದಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಸಿಗುವುದು ಸುಮಾರು 4.38 ಜಿಬಿ. ನಾನು 4ಕ್ಕೇ ನಿಲ್ಲಿಸಿ ಹೊರ ಅಂಚನ್ನು ಖಾಲಿ ಬಿಡುತ್ತೇನೆ.

ಬರೆದ ಮೇಲೆ ‘ವೆರಿಫೈ’ (ಬರೆದದ್ದನ್ನು ಮತ್ತೆ ಓದಿ ಪರಿಶೀಲಿಸುವುದು) ಕಡ್ಡಾಯ. ಆದರೆ ಬರೆದ ಡ್ರೈವ್ ತನ್ನ ದುರ್ಬಲ ಬರಹವನ್ನೂ ಹೇಗೋ ಓದಿಬಿಡಬಹುದು. ಹಾಗಾಗಿ ಬೇರೊಂದು ಡ್ರೈವ್‌ನಲ್ಲಿ ಡಿಸ್ಕ್ ಹಾಕಿ, ಎಲ್ಲ ಕಡತಗಳನ್ನೂ ನಕಲಿಸಿ, ಮೂಲದೊಂದಿಗೆ ಚೆಕ್‌ಸಮ್ (ಕಡತದ ಮಾಹಿತಿಯಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಹೋಲಿಸುತ್ತೇನೆ. ಅದು ತಾಳೆಯಾಗುವವರೆಗೆ ಮೂಲ ಕಡತಗಳನ್ನು ಅಳಿಸುವುದಿಲ್ಲ.