ಚೂರು ಬಟ್ಟೆಯಲ್ಲೇ ಸರ, ಓಲೆ, ಬಳೆ

ಬಟ್ಟೆಯ ಆಭರಣ ಮಾಡೋಣ ಅಂದುಕೊಂಡ ಕೂಡಲೇ ಮಣಿ, ಕೊಕ್ಕೆ, ಚೈನು, ಬಗೆಬಗೆಯ ಅಂಟು ಎಲ್ಲಾ ಕೊಂಡು ತರುವವರೇ ಜಾಸ್ತಿ. ದುಡ್ಡು ಹೋಗುವುದು ಅಲ್ಲೇ. ಬಟ್ಟೆಗಂತೂ ಖರ್ಚಿಲ್ಲ. ಹೊಲಿದು ಉಳಿದ ಚೂರು, ತೋಳು ಹರಿದ ಅಂಗಿ, ಹಳೆ ದಿಂಬಿನ ಕವರು ಮನೆಯಲ್ಲೇ ಇರುತ್ತವೆ. ಉಳಿದ ಸಾಮಾನಿನಲ್ಲೂ ಹೆಚ್ಚಿನದು ಬೇಕಾಗುವುದಿಲ್ಲ. ಕೊನೆಗೆ ಸರ ಅಚ್ಚುಕಟ್ಟಾಗಿ ಕಾಣುವುದು ನೀವು ತಂದ ಸಾಮಾನಿನಿಂದ ಅಲ್ಲ, ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಸರಿಯಾದ ದಿಕ್ಕಿನಲ್ಲಿ ಕತ್ತರಿಸಿದ್ದರಿಂದ.

ಸೂಜಿ, ಗಟ್ಟಿ ದಾರ, ಹರಿತವಾದ ಕತ್ತರಿ, ಅಳತೆ ಟೇಪು, ಒಂದು ಸೇಫ್ಟಿ ಪಿನ್, ಗುರುತು ಹಾಕಲು ಸೋಪಿನ ಚೂರು. ಇಷ್ಟು ಸಾಕು. ಹೊಲಿಗೆ ಮೆಷಿನ್ ಇದ್ದರೆ ಕೆಲಸ ಬೇಗ ಆಗುತ್ತದೆ, ಇಲ್ಲದಿದ್ದರೂ ಚಿಂತೆ ಇಲ್ಲ.

ಬಟ್ಟೆ ಆರಿಸುವುದು

ಮೊದಲ ಸಲಕ್ಕೆ ತೆಳು ಕಾಟನ್ ಹಿಡಿಯಿರಿ. ಅದು ಜಾರುವುದಿಲ್ಲ, ಇಸ್ತ್ರಿಗೆ ಚೆನ್ನಾಗಿ ಕೂರುತ್ತದೆ, ಗಂಟು ಬಿಗಿಯಾಗಿ ನಿಲ್ಲುತ್ತದೆ. ರೇಷ್ಮೆಯ ಹೊಳಪು ಚೆಂದ, ಆದರೆ ಕತ್ತರಿಸಿದ ಕಡೆಯೆಲ್ಲ ಎಳೆ ಬಿಡುತ್ತದೆ. ಕೈ ಪಳಗಿದ ಮೇಲೆ ಅದನ್ನು ಮುಟ್ಟಿ. ಜೀನ್ಸ್ ಬಟ್ಟೆ ಓಲೆಗೆ ಒಳ್ಳೆಯದು, ಗಂಟು ಹಾಕಲು ಮಾತ್ರ ತುಂಬಾ ದಪ್ಪ. ಟೀ ಶರ್ಟ್ ಬಟ್ಟೆಯ ಗುಣವೇ ಬೇರೆ. ಅದನ್ನು ಅಡ್ಡಲಾಗಿ 2 ಸೆಂ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ, ಎರಡೂ ತುದಿ ಹಿಡಿದು ಎಳೆಯಿರಿ. ಅಂಚು ತಾನಾಗಿಯೇ ಸುರುಳಿಯಾಗಿ ಪಟ್ಟಿ ಹಗ್ಗದಂತಾಗುತ್ತದೆ. ಇಂಥ ಮೂರು ಪಟ್ಟಿ ಸೇರಿಸಿ ಜಡೆ ಹೆಣೆದರೆ ಹೆಚ್ಚು ಹೊಲಿಗೆಯಿಲ್ಲದೆ ಒಂದು ಸರ ಸಿದ್ಧ.

ಯಾವ ಬಟ್ಟೆಯಾದರೂ ಮೊದಲು ಒಗೆಯಲೇಬೇಕು. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಅದರ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಬಟ್ಟೆ ಸರಕ್ಕೆ ಬೇಡ. ಕುತ್ತಿಗೆ ಬೆವರುವ ಜಾಗ ಅಲ್ವಾ, ಅಂಗಿಯ ಕಾಲರಿಗೂ ಬಣ್ಣ ಹತ್ತೀತು. ಬಟ್ಟೆ ತೀರಾ ಮೆತ್ತಗಿದ್ದರೆ ಸ್ವಲ್ಪ ಗಂಜಿ ಹಾಕಿ ಇಸ್ತ್ರಿ ಮಾಡಿ, ಕತ್ತರಿಸುವಾಗ ಅಲುಗಾಡುವುದಿಲ್ಲ.

ಗಂಟಿನ ಮಣಿಸರ

ಇದೊಂದನ್ನು ಕಲಿತರೆ ಉಳಿದವು ಸುಲಭ. ಬಟ್ಟೆಯ ಕೊಳವೆ ಹೊಲಿದು, ಅದರೊಳಗೆ ಒಂದೊಂದೇ ಮಣಿ ತೂರಿಸಿ, ನಡುನಡುವೆ ಗಂಟು ಹಾಕುವುದು. ಮಣಿ ಹೊರಗೆ ಕಾಣುವುದೇ ಇಲ್ಲ, ಹಾಗಾಗಿ ಚೆಂದದ ಮಣಿ ಕೊಳ್ಳುವ ಅಗತ್ಯವೂ ಇಲ್ಲ. ಬಣ್ಣ ಹೋದ, ದಾರ ಕಿತ್ತ ಹಳೆ ಸರದ ಮಣಿಗಳು ನಡೆಯುತ್ತವೆ. ಅವೂ ಇಲ್ಲವೇ? ಕತ್ತರಿಸಿ ಉಳಿದ ಸಣ್ಣ ಚೂರು, ನೂಲಿನ ತುಂಡುಗಳನ್ನು ಬಿಗಿಯಾಗಿ ಉಂಡೆ ಮಾಡಿ, ಮೇಲೆ ದಾರ ಸುತ್ತಿ. ಸರ ಹಗುರ ಇರುತ್ತದೆ, ನೀರು ತಾಗಿದರೂ ಕೆಡುವುದಿಲ್ಲ.

ಈಗ ಅಳತೆ. ಒಂದು ದಾರವನ್ನು ಮಣಿಯ ಸುತ್ತ ಸುತ್ತಿ ಅಳೆಯಿರಿ. 2 ಸೆಂ.ಮೀ. ದಪ್ಪದ ಮಣಿಯಾದರೆ ಸುತ್ತಳತೆ ಸುಮಾರು 6.3 ಸೆಂ.ಮೀ. ಬರುತ್ತದೆ. ಮಣಿ ಸಲೀಸಾಗಿ ಜಾರಲು ಅರ್ಧ ಸೆಂ.ಮೀ., ಹೊಲಿಗೆಯ ಅಂಚಿಗೆ ಎರಡೂ ಬದಿ ಸೇರಿ 1.2 ಸೆಂ.ಮೀ. ಕೂಡಿಸಿ. ಅಂದರೆ ಪಟ್ಟಿಯ ಅಗಲ 8 ಸೆಂ.ಮೀ. ಉದ್ದದ ಲೆಕ್ಕದಲ್ಲಿ ಎಡವುವುದು ಸುಲಭ, ಏಕೆಂದರೆ ಬಟ್ಟೆಯನ್ನು ತಿನ್ನುವುದು ಮಣಿಯಲ್ಲ, ಗಂಟು. ಅದೇ ಅಗಲದ ಒಂದು ಚೂರನ್ನು ಮಡಚಿ ಗಂಟು ಹಾಕಿ, ಹಾಕುವ ಮೊದಲು ಎಷ್ಟು ಉದ್ದವಿತ್ತು, ಆಮೇಲೆ ಎಷ್ಟಾಯಿತು ನೋಡಿ. ಆ ವ್ಯತ್ಯಾಸವನ್ನು ಗಂಟುಗಳ ಸಂಖ್ಯೆಯಿಂದ ಗುಣಿಸಿ. 9 ಮಣಿಯ ಸರಕ್ಕೆ ಹಿಂದೆ ಕಟ್ಟುವ ತುದಿಗಳೂ ಸೇರಿ ಒಂದೂವರೆ ಮೀಟರ್ ಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಪಟ್ಟಿಯನ್ನು ನೇರವಾಗಿ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ. ಟೈಲರ್‌ಗಳು ಕ್ರಾಸ್ ಪೀಸ್ ಅನ್ನುವುದು ಇದನ್ನೇ. ಬಟ್ಟೆಯ ಉದ್ದದ ಅಂಚನ್ನು ಅಡ್ಡದ ಅಂಚಿನ ಮೇಲೆ ತಂದು ಮಡಚಿದರೆ ಮೂಡುವ ಗೆರೆಯೇ ಓರೆ ಗೆರೆ, 45 ಡಿಗ್ರಿ. ಆ ಗೆರೆಗೆ ಸಮನಾಗಿ ಕತ್ತರಿಸಿದ ಪಟ್ಟಿ ಸ್ವಲ್ಪ ಹಿಗ್ಗುತ್ತದೆ, ಮಣಿಯ ದುಂಡಗಿನ ಮೈಗೆ ಸುಕ್ಕಿಲ್ಲದೆ ಹೊಂದಿಕೊಳ್ಳುತ್ತದೆ, ಎಳೆಯೂ ಕಡಿಮೆ ಬಿಡುತ್ತದೆ. ಚಿಕ್ಕ ಚೂರುಗಳೇ ಇದ್ದರೆ ಜೋಡಿಸಿ ಉದ್ದ ಮಾಡಿಕೊಳ್ಳಿ. ಜೋಡಣೆ ಗಂಟಿನೊಳಗೆ ಬರುವ ಹಾಗೆ ನೋಡಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಪಟ್ಟಿಯ ಹೊರಮೈ ಒಳಗೆ ಬರುವಂತೆ ಉದ್ದಕ್ಕೆ ಮಡಚಿ, ಅಂಚಿನಿಂದ 6 ಮಿ.ಮೀ. ಒಳಗೆ ಸಣ್ಣ ಸಣ್ಣ ಹೊಲಿಗೆ ಹಾಕಿ. ಕೈಯಲ್ಲಿ ಹೊಲಿಯುವವರು ಬ್ಯಾಕ್ ಸ್ಟಿಚ್ (ಪ್ರತಿ ಸಲವೂ ಸೂಜಿಯನ್ನು ಹಿಂದಿನ ಹೊಲಿಗೆಯ ಕೊನೆಗೆ ತಂದು ಚುಚ್ಚಿ ಮುಂದೆ ತೆಗೆಯುವ ಹೊಲಿಗೆ) ಹಾಕುವುದು ಕ್ಷೇಮ, ಓರೆ ಬಟ್ಟೆ ಎಳೆದಾಗ ದಾರ ತುಂಡಾಗುವುದಿಲ್ಲ. ಒಂದು ತುದಿಗೆ ಸೇಫ್ಟಿ ಪಿನ್ ಸಿಕ್ಕಿಸಿ, ಕೊಳವೆಯೊಳಗೆ ತೂರಿಸಿ, ಇನ್ನೊಂದು ತುದಿಯಿಂದ ಎಳೆಯಿರಿ. ಕೊಳವೆ ಸೀದಾ ಆಗುತ್ತದೆ.

ಮಣಿ ಹಾಕಲು ತುದಿಯಿಂದ ಶುರು ಮಾಡುವವರು ಜಾಸ್ತಿ. ನನ್ನ ಸಲಹೆ, ನಡುವಿನಿಂದ ಶುರು ಮಾಡಿ. ಕೊಳವೆಯ ಸರಿ ಮಧ್ಯಕ್ಕೆ ಒಂದು ಮಣಿ ತಂದು ಎರಡೂ ಬದಿಗೆ ಗಂಟು ಹಾಕಿ. ಆಮೇಲೆ ಬಲಕ್ಕೊಂದು, ಎಡಕ್ಕೊಂದು. ಅಳತೆ ಸ್ವಲ್ಪ ಆಚೀಚೆ ಆದರೂ ಎರಡು ತುದಿಗಳೂ ಸಮವಾಗಿ ಉಳಿಯುತ್ತವೆ. ಗಂಟು ಮಣಿಗೆ ಅಂಟಿಕೊಂಡಂತೆ ಕೂರಬೇಕು. ಅದಕ್ಕೆ ಸುಲಭ ಉಪಾಯವಿದೆ: ಗಂಟನ್ನು ಸಡಿಲವಾಗಿ ಹಾಕಿ, ಅದರ ನಡುವೆ ದಪ್ಪ ಸೂಜಿ ತೂರಿಸಿ, ಸೂಜಿಯಿಂದಲೇ ಗಂಟನ್ನು ಮಣಿಯ ಬುಡಕ್ಕೆ ಸರಿಸುತ್ತಾ ಬಿಗಿ ಮಾಡಿ, ಕೊನೆಗೆ ಸೂಜಿ ತೆಗೆಯಿರಿ. ಹೊಲಿಗೆಯ ಗೆರೆ ಪ್ರತಿ ಮಣಿಯಲ್ಲೂ ಹಿಂಬದಿಗೇ ಇರಲಿ. ಗಂಟು ದಪ್ಪ ಅನ್ನಿಸಿದರೆ ಅದರ ಬದಲು ಬೇರೆ ಬಣ್ಣದ ದಾರ ಬಿಗಿಯಾಗಿ ಸುತ್ತಬಹುದು, ಬಟ್ಟೆಯೂ ಉಳಿಯುತ್ತದೆ.

ಉಳಿದ ತುದಿಗಳ ಬಾಯಿಯನ್ನು ಒಳಕ್ಕೆ ಮಡಚಿ ಹೊಲಿದುಬಿಡಿ. ಕುತ್ತಿಗೆಯ ಹಿಂದೆ ಅವನ್ನೇ ಕಟ್ಟಿದರಾಯಿತು. ಲೋಹದ ಕೊಕ್ಕೆ ಬೇಕಿಲ್ಲ, ಉದ್ದವನ್ನೂ ಬೇಕಾದ ಹಾಗೆ ಹೊಂದಿಸಬಹುದು.

ಓಲೆ, ಹೂವು, ಬಳೆ

ಓಲೆಗೆ ಪ್ಲಾಸ್ಟಿಕ್ ಡಬ್ಬದ ಮುಚ್ಚಳದಿಂದ 2.5 ಸೆಂ.ಮೀ. ಅಗಲದ ನಾಲ್ಕು ಬಿಲ್ಲೆ ಕತ್ತರಿಸಿ. ರಟ್ಟು ಬೇಡ, ಬೆವರಿಗೆ ಮೆತ್ತಗಾಗುತ್ತದೆ. 4.5 ಸೆಂ.ಮೀ. ಅಗಲದ ದುಂಡು ಬಟ್ಟೆಯ ಅಂಚಿಗೆ ಸುತ್ತಲೂ ಹೊಲಿಗೆ ಹಾಕಿ, ನಡುವೆ ಬಿಲ್ಲೆ ಇಟ್ಟು ದಾರ ಎಳೆದು ಕಟ್ಟಿ. ಇಂಥ ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿ ಅಂಚು ಹೊಲಿದರೆ ಒಂದು ಓಲೆ. ಹಣ ಕೊಟ್ಟು ತರಬೇಕಾದ್ದು ಕಿವಿಯ ಕೊಕ್ಕೆ ಮಾತ್ರ, ಅದರಲ್ಲಿ ಜಿಪುಣತನ ಬೇಡ. ನಿಕ್ಕಲ್ ಇರುವ ಕೊಕ್ಕೆಯಿಂದ ಹಲವರ ಕಿವಿ ಕೆಂಪಾಗಿ ತುರಿಸುತ್ತದೆ. ನಿಕ್ಕಲ್ ಇಲ್ಲದ್ದನ್ನೇ ಕೇಳಿ ತನ್ನಿ.

ಪೆಂಡೆಂಟ್‌ಗೆ ನೆರಿಗೆ ಹೂವು ಚೆಂದ. 3 ಸೆಂ.ಮೀ. ಹೂವಿಗೆ 7 ಸೆಂ.ಮೀ. ದುಂಡು ಬಟ್ಟೆ ಕತ್ತರಿಸಿ, ಅಂಚನ್ನು ಅರ್ಧ ಸೆಂ.ಮೀ. ಮಡಚುತ್ತಾ ಸುತ್ತಲೂ ಹೊಲಿದು ದಾರ ಎಳೆಯಿರಿ. ಹೊಲಿಗೆ ಉದ್ದುದ್ದ ಇದ್ದಷ್ಟೂ ನಡುವಿನ ತೂತು ಚಿಕ್ಕದಾಗುತ್ತದೆ. ಸಣ್ಣ ಹೊಲಿಗೆ ಹಾಕಿದರೆ ತೂತು ಅಗಲವಾಗಿ ಉಳಿಯುತ್ತದೆ, ಅಲ್ಲೊಂದು ಗುಂಡಿ ಕೂರಿಸಬಹುದು.

ಬಳೆಗೆ ಹಳೆ ಪ್ಲಾಸ್ಟಿಕ್ ಬಳೆ ಸಾಕು. ಓರೆ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಲಿ. ಶುರುವೂ ಕೊನೆಯೂ ಒಳಬದಿಯಲ್ಲೇ ಇರಲಿ, ತುದಿಯನ್ನು ಅಂಟಿಸುವ ಬದಲು ಹೊಲಿಯಿರಿ.

ಅಂಟಿನ ಬಗ್ಗೆ ಒಂದು ಎಚ್ಚರಿಕೆ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂವನ್ನು ಕಾಟನ್ ಮೇಲೆ ಸುರಿಯಬೇಡಿ. ಅದು ಹತ್ತಿಯ ಜೊತೆ ಸೇರಿದಾಗ ಬಿಸಿಯೇಳುತ್ತದೆ, ಕೈ ಸುಡುವಷ್ಟೂ ಆಗಬಹುದು. ಒಣಗಿದ ಮೇಲೆ ಬಟ್ಟೆಯೂ ಅಲ್ಲಿ ಕಲ್ಲಾಗುತ್ತದೆ. ಅಂಟು ಬೇಕೇ ಬೇಕೆಂದರೆ ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟನ್ನು ತೆಳುವಾಗಿ ಹಚ್ಚಿ.

ಸರ ಕೊಳೆಯಾದರೆ ಮೆಷಿನ್ನಿಗೆ ಹಾಕಬೇಡಿ. ತಣ್ಣೀರಿಗೆ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ಮೆಲ್ಲಗೆ ಹಿಚುಕಿ, ಟವೆಲ್‌ನಲ್ಲಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ. ಒಳಗೆ ಮರದ ಮಣಿ ಇದ್ದರೆ ನೆನೆಹಾಕುವುದೂ ಬೇಡ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಗಂಟು ಸಡಿಲವಾಗುತ್ತಿದೆ ಅನ್ನಿಸಿದರೆ ಹಿಂಬದಿಯಿಂದ ಅದಕ್ಕೆ ಎರಡು ಹೊಲಿಗೆ ಹಾಕಿಬಿಡಿ.